ಎಕೋ ವರದಿಯಲ್ಲಿ 'ಹೃದಯದಲ್ಲಿ ಗಡ್ಡೆ' ಎಂದಿದ್ದರೆ ಅದು ಕ್ಯಾನ್ಸರೇ?

"ದೇಹದ ಎಲ್ಲ ಅಂಗಗಳಿಗೂ ಕ್ಯಾನ್ಸರ್ ಬರುತ್ತದೆ, ಹೃದಯಕ್ಕೆ ಮಾತ್ರ ಬರುವುದಿಲ್ಲ, ಯಾಕೆ ಗೊತ್ತೇ?" ಎಂದು ಶುರುವಾಗುವ ಸಂದೇಶ ನಿಮ್ಮ ಯಾವುದಾದರೊಂದು ವಾಟ್ಸ್‌ಆಪ್ ಗುಂಪಿಗೆ ಬಂದಿರಬಹುದು. ಇಂಥದ್ದನ್ನು ಓದಿ ನಂಬಿದವರ ಮನೆಯಲ್ಲೇ ಒಬ್ಬರ ಎಕೋ ವರದಿಯಲ್ಲಿ 'ಎಡ ಹೃತ್ಕರ್ಣದಲ್ಲಿ ಮಾಸ್' ಎಂದು ಬಂತು ಅಂದುಕೊಳ್ಳಿ. ಆಗ ಮಾತು ಒಮ್ಮೆಗೇ ಉಲ್ಟಾ ಆಗುತ್ತದೆ. ಮಾಸ್ ಅಂದರೆ ಗಡ್ಡೆ, ಗಡ್ಡೆ ಅಂದರೆ ಕ್ಯಾನ್ಸರ್, ಹೃದಯದ ಕ್ಯಾನ್ಸರ್ ಅಂದರೆ ಎಲ್ಲ ಮುಗಿಯಿತು ಎಂಬ ಭಯ ಮನೆತುಂಬ ಹರಡುತ್ತದೆ.

ಈ ಎರಡೂ ತಪ್ಪು. ಹೃದಯದಲ್ಲೂ ಗಡ್ಡೆಗಳು ಹುಟ್ಟುತ್ತವೆ, ಆದರೆ ತೀರಾ ಅಪರೂಪಕ್ಕೆ. ಹಾಗೆ ಹುಟ್ಟಿದವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಅಲ್ಲ ಎಂದಮಾತ್ರಕ್ಕೆ ಸುಮ್ಮನೆ ಬಿಟ್ಟುಬಿಡಬಹುದು ಎಂದೂ ಅಲ್ಲ. 'ಮಾಸ್' ಎಂಬ ಆ ಒಂದು ಪದದ ಹಿಂದೆ ಏನೇನಿರಬಹುದು, ಎದೆ ತೆರೆಯದೆ ವೈದ್ಯರು ಅದನ್ನು ಹೇಗೆ ಗುರುತಿಸುತ್ತಾರೆ ಎಂದು ಒಂದೊಂದಾಗಿ ನೋಡೋಣ.

ಹೃದಯದ ಗಡ್ಡೆ ಎಷ್ಟು ಅಪರೂಪ?

ಶವಪರೀಕ್ಷೆಗಳನ್ನು ಆಧರಿಸಿದ ಅಂದಾಜಿನಂತೆ, ಹೃದಯದಲ್ಲೇ ಹುಟ್ಟಿದ ಗಡ್ಡೆ ಸಿಗುವುದು 10,000 ಜನರಲ್ಲಿ ಸುಮಾರು ಇಬ್ಬರಲ್ಲಿ. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ಯಾನ್ಸರ್ ಅಲ್ಲದವು. ವೈದ್ಯರು ಇವನ್ನು 'ಬಿನೈನ್' ಎನ್ನುತ್ತಾರೆ. ಉಳಿದ ಕಾಲು ಭಾಗ ನಿಜವಾದ ಕ್ಯಾನ್ಸರ್. ಆದ್ದರಿಂದ 'ಹೃದಯಕ್ಕೆ ಕ್ಯಾನ್ಸರ್ ಬರುವುದೇ ಇಲ್ಲ' ಎಂಬ ಮಾತು ಸರಿಯಲ್ಲ. ಬೇರೆ ಅಂಗದಲ್ಲಿ ಹುಟ್ಟಿದ ಕ್ಯಾನ್ಸರ್ ಹೃದಯಕ್ಕೆ ಹರಡುವುದೂ ಉಂಟು. ಹೃದಯದಲ್ಲೇ ಹುಟ್ಟುವ ಗಡ್ಡೆಗಳಿಗೆ ಹೋಲಿಸಿದರೆ ಇದು ಕನಿಷ್ಠ 20 ಪಟ್ಟು ಹೆಚ್ಚು. ಹೃದಯದಲ್ಲಿ ಏನೋ ಕಂಡಾಗ "ಮುಂಚೆ ಎಲ್ಲಾದರೂ ಕ್ಯಾನ್ಸರ್ ಆಗಿತ್ತಾ?" ಎಂದು ವೈದ್ಯರು ಮೊದಲು ಕೇಳುವುದು ಇದಕ್ಕೇ.

ಆ ಫಾರ್ವರ್ಡ್‌ನಲ್ಲಿ ಒಂದು ಎಳೆ ನಿಜವೂ ಇದೆ. ದೊಡ್ಡವರಲ್ಲಿ ಹೃದಯದ ಸ್ನಾಯುಕೋಶಗಳು ಹೊಸದಾಗಿ ವಿಭಜನೆಯಾಗುವುದು ತೀರಾ ಕಡಿಮೆ. ಕೋಶ ಮತ್ತೆ ಮತ್ತೆ ವಿಭಜನೆಯಾಗುವ ಕಡೆ ತಪ್ಪು ನುಸುಳುವ ಅವಕಾಶ ಹೆಚ್ಚು, ಹೃದಯದಲ್ಲಿ ಆ ಅವಕಾಶ ಕಡಿಮೆ. ಆದರೆ ಕಡಿಮೆ ಎನ್ನುವುದಕ್ಕೂ ಇಲ್ಲವೇ ಇಲ್ಲ ಎನ್ನುವುದಕ್ಕೂ ಅಜಗಜಾಂತರ ವ್ಯತ್ಯಾಸ.

ಕ್ಯಾನ್ಸರ್ ಅಲ್ಲದಿದ್ದರೂ ಅಪಾಯ ಯಾಕೆ?

ಬೆನ್ನಿನ ಮೇಲೆ ಕೊಬ್ಬಿನ ಗಂಟೊಂದು ಇದ್ದರೆ ಹಲವರು ಅದನ್ನು ಇಡೀ ಜೀವನ ಇಟ್ಟುಕೊಂಡೇ ಬದುಕುತ್ತಾರೆ. ಹೃದಯದ ಒಳಗೆ ಹಾಗಿರಲು ಜಾಗವಿಲ್ಲ. ಅಲ್ಲಿ ರಕ್ತ ಒಂದು ಕ್ಷಣವೂ ನಿಲ್ಲದೆ ಹರಿಯುತ್ತಿರಬೇಕು, ಕವಾಟಗಳು ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚಬೇಕು. ಆ ದಾರಿಯಲ್ಲಿ ಏನೇ ಬೆಳೆದರೂ ಅದು ಅಡ್ಡಿಯೇ.

ದೊಡ್ಡವರಲ್ಲಿ ಬಿನೈನ್ ಗಡ್ಡೆಗಳ ಪೈಕಿ ಬಹುಕಾಲದಿಂದ ಹೆಚ್ಚಾಗಿ ಕಂಡುಬಂದಿರುವುದು ಮೈಕ್ಸೋಮಾ. ಇದು ತಾಟಿನುಂಗಿನ ಹಾಗೆ ಲೋಳೆಲೋಳೆಯಾಗಿರುವ ಗಡ್ಡೆ. ನಾಲ್ಕರಲ್ಲಿ ಮೂರು ಮೈಕ್ಸೋಮಾಗಳು ಎಡ ಹೃತ್ಕರ್ಣದಲ್ಲಿ, ಅಂದರೆ ಶ್ವಾಸಕೋಶದಿಂದ ಶುದ್ಧ ರಕ್ತ ಬಂದು ಸೇರುವ ಮೇಲಿನ ಕೋಣೆಯಲ್ಲಿ, ಬೆಳೆಯುತ್ತವೆ. ಸಾಮಾನ್ಯವಾಗಿ ಎರಡು ಹೃತ್ಕರ್ಣಗಳ ನಡುವಿನ ಗೋಡೆಗೆ ಒಂದು ತೊಟ್ಟಿನಿಂದ ಅಂಟಿಕೊಂಡು ತೂಗಾಡುತ್ತಿರುತ್ತವೆ. 30ರಿಂದ 60 ವರ್ಷದೊಳಗಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು.

ಇದರಿಂದ ಆಗುವ ತೊಂದರೆ ಮೂರು ಬಗೆಯದು. ಮೊದಲನೆಯದು, ತೂಗಾಡುವ ಗಡ್ಡೆ ಮೈಟ್ರಲ್ ಕವಾಟದ ಬಾಯಿಗೆ ಬಂದು ಕೂತು ರಕ್ತದ ದಾರಿ ಕಟ್ಟುತ್ತದೆ. ಆಗ ಉಬ್ಬಸ ಬರುತ್ತದೆ, ತಲೆ ಸುತ್ತುತ್ತದೆ, ಕೆಲವರು ಎಚ್ಚರ ತಪ್ಪಿ ಬೀಳುತ್ತಾರೆ. ಮಗ್ಗುಲು ಬದಲಿಸಿದರೆ ಅಥವಾ ಎದ್ದು ಕೂತರೆ ತೊಂದರೆ ಹೆಚ್ಚುಕಡಿಮೆ ಆಗುವುದೂ ಇದೆ. ಎರಡನೆಯದು, ಗಡ್ಡೆಯ ಚೂರೊಂದು ಕಳಚಿ ರಕ್ತದ ಜೊತೆ ಹೋಗಿ ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಮೂರನೆಯದು, ಈ ಗಡ್ಡೆಯಿಂದ ಸ್ರವಿಸುವ ಕೆಲವು ರಾಸಾಯನಿಕಗಳಿಂದಾಗಿ ಬಿಟ್ಟುಬಿಟ್ಟು ಜ್ವರ, ಸುಸ್ತು, ತೂಕ ಇಳಿಯುವುದು ಶುರುವಾಗುತ್ತದೆ. ಈ ಮೂರನ್ನೂ ಬೇರೆ ಹತ್ತು ಕಾಯಿಲೆಗಳ ಲಕ್ಷಣ ಎಂದುಕೊಳ್ಳುವುದು ಸುಲಭ. ಆದ್ದರಿಂದಲೇ ಚಿತ್ರ ತೆಗೆದು ನೋಡದೆ ಮೈಕ್ಸೋಮಾ ಗೊತ್ತಾಗುವುದು ಕಷ್ಟ.

ಸೂಜಿ ಹಾಕಿ ಪರೀಕ್ಷಿಸಬಹುದಲ್ಲ?

ಸ್ತನದಲ್ಲೋ ಕುತ್ತಿಗೆಯಲ್ಲೋ ಗಂಟು ಕಂಡರೆ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. ಅಲ್ಲಿ ಕೊನೆಯ ಮಾತು ಬಯಾಪ್ಸಿಯದೇ. ಹೃದಯದ ಎಡಭಾಗದಲ್ಲಿ ತೂಗಾಡುವ ಲೋಳೆಯಂಥ ಗಡ್ಡೆಗೆ ಚುಚ್ಚಲು ಹೋದರೆ ಅದರ ಚೂರು ಕಳಚಿ ನೇರ ಮಿದುಳಿಗೆ ಹೋಗಬಹುದು. ಪರೀಕ್ಷೆಯೇ ಲಕ್ವಕ್ಕೆ ಕಾರಣವಾದಂತೆ ಆಗುತ್ತದೆ. ಅದಕ್ಕೇ ಮೈಕ್ಸೋಮಾ ಎಂಬ ಗುಮಾನಿ ಇದ್ದಾಗ ಸಾಮಾನ್ಯವಾಗಿ ಬಯಾಪ್ಸಿ ಮಾಡುವುದಿಲ್ಲ.

ಈ ಲೇಖನದ ಮುಖ್ಯ ಮಾತು ಇದು: ಬೇರೆ ಅಂಗಗಳಲ್ಲಿ ಸೂಜಿ ಮಾಡುವ ಕೆಲಸವನ್ನು ಹೃದಯದಲ್ಲಿ ಬಹುಪಾಲು ಚಿತ್ರಗಳೇ ಮಾಡಬೇಕು. ಆಪರೇಷನ್ ಮಾಡಬೇಕೋ, ಔಷಧ ಕೊಟ್ಟು ನೋಡಬೇಕೋ, ಏನೂ ಮಾಡದೆ ಕಾಯಬೇಕೋ ಎಂಬ ತೀರ್ಮಾನ ನಿಂತಿರುವುದು ಆ ಚಿತ್ರಗಳ ಮೇಲೆ. ಒಂದು ಎಕೋ ಆದ ಮೇಲೆ ವೈದ್ಯರು ಇನ್ನೊಂದು ಸ್ಕ್ಯಾನ್ ಬರೆದುಕೊಟ್ಟರೆ 'ದುಡ್ಡು ಕೀಳುವುದಕ್ಕೆ' ಎಂದು ಅನಿಸಬಹುದು. ಆದರೆ ಒಂದೊಂದು ಸ್ಕ್ಯಾನ್ ಉತ್ತರಿಸುವುದು ಒಂದೊಂದು ಪ್ರಶ್ನೆಗೆ.

ಎಕೋ: ಎಲ್ಲಿದೆ, ಹೇಗೆ ಅಲುಗಾಡುತ್ತಿದೆ?

ಎಕೋಕಾರ್ಡಿಯೋಗ್ರಾಂ ಎನ್ನುವುದು ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಎದೆಯೊಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುವ ಪರೀಕ್ಷೆ. ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರು ಮತ್ತು ಹೆಲ್‌ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ 1953ರಲ್ಲಿ ಇದನ್ನು ಶುರುಮಾಡಿದರು. ಅವರು ಬಳಸಿದ್ದು ಲೋಹದಲ್ಲಿನ ಬಿರುಕು ಹುಡುಕುವ ಉಪಕರಣದ ತಂತ್ರವನ್ನು. 1959ರ ಹೊತ್ತಿಗೆ ಜರ್ಮನಿಯ ಸ್ವೆನ್ ಎಫರ್ಟ್ ಮತ್ತು ಅವರ ಸಹೋದ್ಯೋಗಿ ಹೃತ್ಕರ್ಣದ ಗಡ್ಡೆಯನ್ನು ಇದೇ ವಿಧಾನದಿಂದ ಗುರುತಿಸಿದ್ದನ್ನು ಪ್ರಕಟಿಸಿದರು.

ಅದಕ್ಕೂ ಮುಂಚೆ ಪರಿಸ್ಥಿತಿ ಬೇರೆಯೇ ಇತ್ತು. ಮೈಕ್ಸೋಮಾ ಇದೆ ಎಂದು ಗೊತ್ತಾಗುತ್ತಿದ್ದುದು ಹೆಚ್ಚಾಗಿ ರೋಗಿ ಸತ್ತ ಮೇಲೆ. ಬದುಕಿರುವಾಗಲೇ ಚಿತ್ರದ ಮೂಲಕ ಅದನ್ನು ಗುರುತಿಸಿದ ವರದಿ ಬಂದದ್ದು 1952ರಲ್ಲಿ, ಅಮೆರಿಕದಿಂದ. ರಕ್ತನಾಳಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆದು ಅದನ್ನು ಕಂಡುಹಿಡಿದಿದ್ದರು. 1954ರಲ್ಲಿ ಸ್ಟಾಕ್‌ಹೋಮ್‌ನ ಕ್ಲಾರೆನ್ಸ್ ಕ್ರಾಫೋರ್ಡ್ ಹಾರ್ಟ್-ಲಂಗ್ ಯಂತ್ರದ ನೆರವಿನಿಂದ ಮೈಕ್ಸೋಮಾವನ್ನು ಯಶಸ್ವಿಯಾಗಿ ತೆಗೆದರು.

ಎಕೋದ ದೊಡ್ಡ ಗುಣ ಎಂದರೆ ಅದು ಹೃದಯ ಬಡಿಯುತ್ತಿರುವುದನ್ನೇ ತೋರಿಸುತ್ತದೆ. ಗಡ್ಡೆಗೆ ತೊಟ್ಟಿದೆಯೇ, ಯಾವ ಗೋಡೆಗೆ ಅಂಟಿದೆ, ಎಷ್ಟು ಸೆಂಟಿಮೀಟರ್ ಇದೆ, ಪ್ರತಿ ಬಡಿತಕ್ಕೂ ಕವಾಟದೊಳಗೆ ತೂರಿ ವಾಪಸ್ ಬರುತ್ತಿದೆಯೇ, ಇವೆಲ್ಲ ಪರದೆಯ ಮೇಲೆ ಕಾಣುತ್ತವೆ. ಎದೆಯ ಮೇಲಿನಿಂದ ಮಾಡಿದ ಎಕೋದಲ್ಲಿ ಸ್ಪಷ್ಟವಾಗದಿದ್ದರೆ ಬಾಯಿಯ ಮೂಲಕ ಅನ್ನನಾಳಕ್ಕೆ ಸಣ್ಣ ಕೊಳವೆ ಇಳಿಸಿ 'ಟಿಇಇ' ಮಾಡುತ್ತಾರೆ. ಅನ್ನನಾಳ ಎಡ ಹೃತ್ಕರ್ಣದ ಬೆನ್ನಿಗೇ ತಾಗಿಕೊಂಡಿರುವುದರಿಂದ ಕೆಲವೇ ಮಿಲಿಮೀಟರ್ ಗಾತ್ರದ ವಸ್ತುವೂ ಸಿಗುತ್ತದೆ. ಕವಾಟಗಳ ಮೇಲೆ ಬೆಳೆಯುವ ಫೈಬ್ರೋಎಲಾಸ್ಟೋಮಾ ಎಂಬ ಪುಟ್ಟ ಬಿನೈನ್ ಗಡ್ಡೆ ಹೆಚ್ಚಾಗಿ ಪತ್ತೆಯಾಗುವುದು ಹೀಗೆ. ಗಾತ್ರದಲ್ಲಿ ಕಡಲೆಕಾಳಿನಷ್ಟೇ ಇದ್ದರೂ ಅದರಿಂದ ಲಕ್ವ ಬರಬಹುದು.

ಗಡ್ಡೆಯೋ, ಹೆಪ್ಪುಗಟ್ಟಿದ ರಕ್ತವೋ?

ಹೃದಯದ ಕೋಣೆಯೊಳಗೆ 'ಮಾಸ್' ಎಂದು ಕಂಡದ್ದು ಗಡ್ಡೆಯೇ ಆಗಿರಬೇಕೆಂದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಹೆಪ್ಪುಗಟ್ಟಿದ ರಕ್ತ. ನಮ್ಮ ದೇಶದ ಮಟ್ಟಿಗೆ ಇದು ಮುಖ್ಯವಾದ ಮಾತು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ಭಾರತದಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಅಂಥವರ ಎಡ ಹೃತ್ಕರ್ಣ ಹಿಗ್ಗಿ, ರಕ್ತ ನಿಧಾನವಾಗಿ, ಅಲ್ಲೇ ಹೆಪ್ಪುಗಟ್ಟುತ್ತದೆ. ಮೈಕ್ಸೋಮಾ ಇರುವವರಿಗೂ ಇದೇ ಉಬ್ಬಸ, ಸ್ಟೆತಾಸ್ಕೋಪ್‌ನಲ್ಲಿ ಹೆಚ್ಚುಕಡಿಮೆ ಇದೇ ಸದ್ದು.

ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಹೆಪ್ಪಾದರೆ ಸಾಮಾನ್ಯವಾಗಿ ರಕ್ತ ತೆಳುಮಾಡುವ ಮಾತ್ರೆ ಕೊಟ್ಟು ಕೆಲವು ವಾರಗಳ ನಂತರ ಮತ್ತೆ ಎಕೋ ಮಾಡಿ ಕರಗಿದೆಯೇ ನೋಡುತ್ತಾರೆ. ಮೈಕ್ಸೋಮಾ ಆದರೆ ಎಷ್ಟು ಮಾತ್ರೆ ನುಂಗಿದರೂ ಕರಗುವುದಿಲ್ಲ, ಆಪರೇಷನ್ ಮಾಡಿ ತೆಗೆಯಬೇಕು, ಹೆಚ್ಚು ತಡಮಾಡುವಂತೆಯೂ ಇಲ್ಲ.

ಇವೆರಡನ್ನು ಬೇರೆ ಮಾಡಲು ಮೊದಲ ಸುಳಿವು ಜಾಗ. ಹೆಪ್ಪು ಸಾಮಾನ್ಯವಾಗಿ ಹೃತ್ಕರ್ಣದ ಹಿಂಗೋಡೆಗೆ ಅಥವಾ ಅದರ ಕಿವಿಯಂಥ ಮೂಲೆಗೆ ಅಗಲವಾಗಿ ಅಂಟಿರುತ್ತದೆ. ಮೈಕ್ಸೋಮಾ ನಡುಗೋಡೆಯಿಂದ ತೊಟ್ಟು ಬಿಟ್ಟುಕೊಂಡಿರುತ್ತದೆ. ಎರಡನೆಯ ಸುಳಿವು ರಕ್ತದ ಪೂರೈಕೆ. ಗಡ್ಡೆ ಜೀವಂತ ಅಂಗಾಂಶ, ಅದಕ್ಕೆ ತನ್ನದೇ ರಕ್ತನಾಳಗಳು ಇರುತ್ತವೆ. ಹೆಪ್ಪಿಗೆ ಸಾಮಾನ್ಯವಾಗಿ ಅವು ಇರುವುದಿಲ್ಲ. ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುವುದು ಎಂಆರ್‌ಐ.

ಎಂಆರ್‌ಐ: ಅದು ಯಾವುದರಿಂದ ಆಗಿದೆ?

ಎಕೋ ಆಕಾರ ತೋರಿಸಿದರೆ, ಎಂಆರ್‌ಐ ಒಳಗಿನ ಪದಾರ್ಥದ ಬಗ್ಗೆ ಹೇಳುತ್ತದೆ. ನೀರಿನ ಅಂಶ ಹೆಚ್ಚಿರುವ ಮೈಕ್ಸೋಮಾ ಕೆಲವು ಬಗೆಯ ಎಂಆರ್‌ಐ ಚಿತ್ರಗಳಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕೊಬ್ಬಿನಿಂದಾದ ಲೈಪೋಮಾ ಒಂದು ಚಿತ್ರದಲ್ಲಿ ಹೊಳೆದು, ಕೊಬ್ಬಿನ ಸಂಕೇತವನ್ನು ಅಡಗಿಸಿ ತೆಗೆದ ಇನ್ನೊಂದು ಚಿತ್ರದಲ್ಲಿ ಕಪ್ಪಾಗಿಬಿಡುತ್ತದೆ. ಹಾಗಾದರೆ ಅದು ಕೊಬ್ಬೇ ಎಂದು ಹೇಳಬಹುದು. ನಂತರ ಗ್ಯಾಡೋಲಿನಿಯಂ ಇರುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ರಕ್ತನಾಳ ಇರುವ ಗಡ್ಡೆ ಆ ಔಷಧವನ್ನು ಹೀರಿ ಬೆಳಗುತ್ತದೆ, ಹೆಪ್ಪು ಕಪ್ಪಾಗಿಯೇ ಉಳಿಯುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ನಾರಿನಂಥ ಫೈಬ್ರೋಮಾ ಔಷಧ ಕೊಟ್ಟು ಸ್ವಲ್ಪ ಹೊತ್ತಿನ ಬಳಿಕ ಗಾಢವಾಗಿ ಬೆಳಗುತ್ತದೆ.

ಗಡ್ಡೆ ಪಕ್ಕದ ಸ್ನಾಯುವಿನೊಳಗೆ ನುಗ್ಗಿದೆಯೇ, ಹೃದಯದ ಹೊರಪದರಕ್ಕೆ ದಾಟಿದೆಯೇ ಎನ್ನುವುದೂ ಇದರಲ್ಲಿ ಗೊತ್ತಾಗುತ್ತದೆ. ಗಡಿ ಮೀರಿ ನುಗ್ಗುವುದು, ಹೃದಯದ ಸುತ್ತ ನೀರು ತುಂಬುವುದು, ಅಗಲವಾದ ಬುಡ, ಇವು ಕ್ಯಾನ್ಸರ್ ಇರಬಹುದೆಂಬ ಸೂಚನೆಗಳು. ಕಿಡ್ನಿ ತೀರಾ ದುರ್ಬಲವಾಗಿರುವವರು ಗ್ಯಾಡೋಲಿನಿಯಂ ವಿಷಯವನ್ನೂ, ಪೇಸ್‌ಮೇಕರ್ ಇರುವವರು ಅದರ ಮಾಹಿತಿಯನ್ನೂ ವೈದ್ಯರಿಗೆ ಮೊದಲೇ ಹೇಳಬೇಕು.

ಸಿಟಿ ಸ್ಕ್ಯಾನ್ ಬೇಕಾಗುವುದು ಯಾವಾಗ?

ಕೊಬ್ಬು ಮತ್ತು ಸುಣ್ಣದ ಅಂಶವನ್ನು ಸಿಟಿ ಸ್ಕ್ಯಾನ್ ಬಹಳ ಚೆನ್ನಾಗಿ ತೋರಿಸುತ್ತದೆ. ಉದಾಹರಣೆಗೆ, ಫೈಬ್ರೋಮಾದ ನಡುವೆ ಸುಣ್ಣ ಕಟ್ಟಿರುವುದು ಸಿಟಿಯಲ್ಲಿ ಎದ್ದು ಕಾಣುತ್ತದೆ. ಆಪರೇಷನ್‌ಗೆ ಮುಂಚೆ ಹೃದಯದ ರಕ್ತನಾಳಗಳಲ್ಲಿ ಬ್ಲಾಕ್ ಇದೆಯೇ ಎಂದೂ ಇದರಿಂದ ನೋಡಬಹುದು. ಎಂಆರ್‌ಐ ಮಾಡಿಸಲಾಗದವರಿಗೆ ಇದೇ ಪರ್ಯಾಯ. ಇದರಲ್ಲಿ ಎಕ್ಸ್‌ರೇ ವಿಕಿರಣ ಬಳಕೆಯಾಗುವುದರಿಂದ ಬೇಕಾದಾಗ ಮಾತ್ರ ಮಾಡುತ್ತಾರೆ. ಕ್ಯಾನ್ಸರ್ ಅನುಮಾನ ಬಲವಾಗಿದ್ದರೆ ಪಿಇಟಿ ಸ್ಕ್ಯಾನ್ ಕೂಡ ಸೇರಿಕೊಳ್ಳುತ್ತದೆ.

ಹೊಟ್ಟೆಯೊಳಗಿನ ಮಗುವಿನ ಹೃದಯದಲ್ಲಿ ಗಡ್ಡೆ ಎಂದರೆ?

ಮಕ್ಕಳಲ್ಲಿ ಹೆಚ್ಚಾಗಿ ಸಿಗುವುದು ರ‍್ಯಾಬ್ಡೋಮಯೋಮಾ. ಎಷ್ಟೋ ಸಲ ಗರ್ಭಿಣಿಯ ಸ್ಕ್ಯಾನ್‌ನಲ್ಲೇ ಕಾಣುತ್ತದೆ. ಹೆತ್ತವರ ಗಾಬರಿ ಹೇಳತೀರದು. ಆದರೆ ಇವುಗಳಲ್ಲಿ ಹೆಚ್ಚಿನವು ಮಗು ಹುಟ್ಟಿದ ಮೇಲೆ ತಾವಾಗಿಯೇ ಕುಗ್ಗುತ್ತವೆ. ರಕ್ತದ ದಾರಿ ಕಟ್ಟದಿದ್ದರೆ, ಬಡಿತ ಏರುಪೇರಾಗದಿದ್ದರೆ, ಆಗಾಗ ಎಕೋ ಮಾಡುತ್ತ ಕಾಯುವುದೇ ಚಿಕಿತ್ಸೆ. ಒಂದು ಎಚ್ಚರ ಮಾತ್ರ ಬೇಕು. ಇಂಥ ಗಡ್ಡೆ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುತ್ತದೆ. ಅದು ಮಿದುಳು, ಕಿಡ್ನಿ, ಚರ್ಮಕ್ಕೂ ಸಂಬಂಧಿಸಿದ್ದು. ಹಾಗಾಗಿ ಹೃದಯದ ಗಡ್ಡೆ ಕುಗ್ಗಿತು ಎಂದು ಡಾಕ್ಟರ ಬಳಿ ಹೋಗುವುದನ್ನು ನಿಲ್ಲಿಸಬಾರದು.

ಗಡ್ಡೆಯಲ್ಲದ 'ಗಡ್ಡೆ'ಗಳು

ಹೃದಯದ ಒಳಗೋಡೆ ನುಣುಪಾಗಿರುವುದಿಲ್ಲ. ಅಲ್ಲಿ ಮಡಿಕೆ, ಏಣು, ಬಲೆಯಂಥ ಎಳೆಗಳು ಹುಟ್ಟಿನಿಂದಲೇ ಇರುತ್ತವೆ. ಎಡ ಹೃತ್ಕರ್ಣದಲ್ಲಿ ಶ್ವಾಸಕೋಶದ ಅಭಿಧಮನಿಯೊಂದರ ಬಾಯಿಯ ಬಳಿ ಇರುವ ಒಂದು ಏಣಿಗೆ 'ಕೌಮಡಿನ್ ರಿಜ್' ಎಂದೇ ಹೆಸರು. ಕೌಮಡಿನ್ ಎಂದರೆ ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆಯ ಒಂದು ಬ್ರಾಂಡ್ ಹೆಸರು. ಈ ಏಣನ್ನು ಹೆಪ್ಪು ಎಂದು ತಪ್ಪಾಗಿ ತಿಳಿದು ಆರೋಗ್ಯವಂತರಿಗೂ ಆ ಮಾತ್ರೆ ಕೊಟ್ಟದ್ದರಿಂದ ಬಂದ ಹೆಸರಿದು. ವೈದ್ಯಲೋಕ ತನ್ನ ತಪ್ಪನ್ನೇ ಹೆಸರಾಗಿ ಇಟ್ಟುಕೊಂಡು ಮುಂದಿನವರನ್ನು ಎಚ್ಚರಿಸಿದೆ. ಒಂದೇ ಎಕೋ ನೋಡಿ ಕೊನೆಯ ತೀರ್ಮಾನಕ್ಕೆ ಬರಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸಾಮಾನ್ಯವಾಗಿ ಕೇಳಿಬರುವ ಮಾತುಗಳು

'ಇಸಿಜಿ ನಾರ್ಮಲ್ ಇದೆ, ಹೃದಯದಲ್ಲಿ ಏನೂ ಇಲ್ಲ.' ತಪ್ಪು. ಇಸಿಜಿ ಅಳೆಯುವುದು ಹೃದಯದ ವಿದ್ಯುತ್ ಚಟುವಟಿಕೆಯನ್ನು, ಒಳಗಿನ ಆಕಾರವನ್ನಲ್ಲ. ಗಡ್ಡೆ ಇದ್ದರೂ ಇಸಿಜಿ ಸರಿಯಾಗಿಯೇ ಬರಬಹುದು.

'ಎಕೋ ಪದೇಪದೇ ಮಾಡಿಸಿದರೆ ರೇಡಿಯೇಷನ್.' ತಪ್ಪು. ಎಕೋದಲ್ಲಿ ಇರುವುದು ಶಬ್ದದ ಅಲೆ, ಎಂಆರ್‌ಐಯಲ್ಲಿ ಅಯಸ್ಕಾಂತ ಮತ್ತು ರೇಡಿಯೋ ಅಲೆ. ಎರಡರಲ್ಲೂ ಎಕ್ಸ್‌ರೇ ಬಳಸುವುದಿಲ್ಲ.

'ಬೆಳ್ಳುಳ್ಳಿ, ಶುಂಠಿ, ನಿಂಬೆ ಕಷಾಯ ಕುಡಿದರೆ ಹೃದಯದ ಗಡ್ಡೆ ಕರಗುತ್ತದೆ.' ಇದಕ್ಕೆ ಆಧಾರವಿಲ್ಲ. ಮೈಕ್ಸೋಮಾ ಕರಗಿಸುವ ಕಷಾಯವೂ ಇಲ್ಲ, ಮಾತ್ರೆಯೂ ಇಲ್ಲ. ಕಷಾಯ ಕುಡಿಯುತ್ತ ಕಳೆಯುವ ಆ ಒಂದೆರಡು ತಿಂಗಳಲ್ಲೇ ಲಕ್ವ ಹೊಡೆಯಬಹುದು. ಈ ವಿಷಯದಲ್ಲಿ ಅತ್ಯಂತ ಅಪಾಯಕಾರಿ ಫಾರ್ವರ್ಡ್ ಇದೇ.

'ಆಪರೇಷನ್ ಮಾಡಿದರೂ ಮತ್ತೆ ಬರುತ್ತದೆ.' ಮೈಕ್ಸೋಮಾವನ್ನು ತೊಟ್ಟಿನ ಸಮೇತ ಪೂರ್ತಿ ತೆಗೆದರೆ ಬಹುತೇಕರಲ್ಲಿ ಮತ್ತೆ ಬರುವುದಿಲ್ಲ. ಮನೆತನದಲ್ಲಿ ಬರುವ ಕಾರ್ನಿ ಕಾಂಪ್ಲೆಕ್ಸ್ ಎಂಬ ಅಪರೂಪದ ಸ್ಥಿತಿಯಲ್ಲಿ ಮಾತ್ರ ಈ ಸಂಭವ ಹೆಚ್ಚು. ಅದಕ್ಕೇ ಆಪರೇಷನ್ ಆದ ಮೇಲೂ ವೈದ್ಯರು ಹೇಳಿದ ಹೊತ್ತಿಗೆ ಎಕೋ ಮಾಡಿಸಬೇಕು.

ವರದಿ ಕೈಗೆ ಬಂದಾಗ

ವರದಿಯಲ್ಲಿ 'ಮಾಸ್' ಎಂದಿದ್ದರೆ ಅದರ ಅರ್ಥ 'ಇರಬಾರದ ಒಂದು ವಸ್ತು ಕಂಡಿದೆ' ಎಂದಷ್ಟೇ. 'ಸಜೆಸ್ಟಿವ್ ಆಫ್ ಮೈಕ್ಸೋಮಾ' ಎಂದಿದ್ದರೆ 'ನೋಡಿದರೆ ಮೈಕ್ಸೋಮಾದಂತೆ ಕಾಣುತ್ತದೆ' ಎಂದು. 'ಕ್ಲಿನಿಕಲ್ ಕೋರಿಲೇಷನ್' ಎಂದಿದ್ದರೆ 'ರೋಗಿಯ ಲಕ್ಷಣಗಳ ಜೊತೆ ಹೋಲಿಸಿ ನೋಡಿ' ಎಂದು. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಕೊನೆಯ ಖಚಿತ ಉತ್ತರ ಸಿಗುವುದು ಗಡ್ಡೆ ತೆಗೆದ ಮೇಲೆ ಲ್ಯಾಬಿನಲ್ಲಿ. ಚಿತ್ರಗಳ ಕೆಲಸ ಅಲ್ಲಿಯವರೆಗೆ ಸರಿಯಾದ ದಾರಿ ತೋರಿಸುವುದು.

ಹೃದ್ರೋಗ ತಜ್ಞರ ಬಳಿ ಈ ಪ್ರಶ್ನೆಗಳನ್ನು ಕೇಳಿ: ಅದು ಯಾವ ಕೋಣೆಯಲ್ಲಿದೆ, ಎಲ್ಲಿ ಅಂಟಿದೆ? ಅಲುಗಾಡುತ್ತಿದೆಯೇ? ರಕ್ತದ ದಾರಿ ಕಟ್ಟುತ್ತಿದೆಯೇ? ಹೆಪ್ಪು ಇರಬಹುದೇ? ಮುಂದಿನ ಸ್ಕ್ಯಾನ್ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ? ಎಷ್ಟು ದಿನ ಕಾಯಬಹುದು? ಎಕೋ ವಿಡಿಯೋ ಇರುವ ಸಿಡಿಯನ್ನೂ ಕೇಳಿ ಪಡೆದುಕೊಳ್ಳಿ. ಇನ್ನೊಬ್ಬ ವೈದ್ಯರಿಗೆ ತೋರಿಸುವಾಗ ಕಾಗದದ ವರದಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ವೇಳೆ ಮುಖ ಸೊಟ್ಟಗಾದರೆ, ಒಂದು ಕೈಕಾಲು ಬಲ ಕಳೆದುಕೊಂಡರೆ, ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಯಾವ ಗುಂಪಿನಲ್ಲೂ ಸಲಹೆ ಕೇಳುತ್ತ ಕೂರಬೇಡಿ. 108ಕ್ಕೆ ಕರೆಮಾಡಿ ನೇರ ಆಸ್ಪತ್ರೆಗೆ ಹೋಗಿ.

ಇನ್ನು 'ಹೃದಯಕ್ಕೆ ಕ್ಯಾನ್ಸರ್ ಬರುವುದೇ ಇಲ್ಲ' ಎಂಬ ಸಂದೇಶ ಮತ್ತೆ ಬಂದರೆ, ಕಳಿಸಿದವರಿಗೆ ಒಂದೇ ಸಾಲು ಬರೆದು ತಿಳಿಸಿ: ಅಪರೂಪ ನಿಜ, ಆದರೆ ಬರುತ್ತದೆ, ಕ್ಯಾನ್ಸರ್ ಅಲ್ಲದ ಗಡ್ಡೆಯೂ ಅಲ್ಲಿ ಅಪಾಯವೇ, ಬೇಗ ಗುರುತಿಸಿದರೆ ತೆಗೆದು ಗುಣಪಡಿಸಬಹುದು.